ಬೆಟ್ಟ ನುಂಗಿದ ವಿಮಾನಗಳು

ಅಸ್ಸಾಮಿನ ದಿಬ್ರುಗಢದಿಂದ ಉತ್ತರಾಭಿಮುಖವಾಗಿ ಹೊರಟ ಪ್ರಯಾಣಿಕನಿಗೆ ಮೊದಲು ಎದುರಾಗುವುದು ಬ್ರಹ್ಮಪುತ್ರ. ಕಾವೇರಿ ತುಂಗಭದ್ರೆಗಳನ್ನು ಕಂಡು ನದಿಯೆಂದರೆ ಇಷ್ಟೇ ಎಂದು ತಿಳಿದವನು ಇಲ್ಲಿ ತನ್ನ ಅಳತೆಗೋಲನ್ನು ಬದಲಾಯಿಸಿಕೊಳ್ಳಬೇಕಾಗುತ್ತದೆ. 2018ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆದ ಬೋಗಿಬೀಲ್ ಸೇತುವೆಯ ಉದ್ದವೇ ಸುಮಾರು ಮೂರು ಮೈಲಿ. ಕೆಳಗೆ ರೈಲು ಓಡುತ್ತದೆ, ಮೇಲೆ ಮೋಟಾರುಗಳು. ಅದನ್ನು ದಾಟಿ, ಭತ್ತದ ಗದ್ದೆಗಳನ್ನೂ ಅಡಕೆಯ ತೋಟಗಳನ್ನೂ ಹಿಂದಿಕ್ಕಿ, ರುಕ್ಸಿನ್ ಎಂಬಲ್ಲಿ ಅರುಣಾಚಲ ಪ್ರದೇಶದ ಪ್ರವೇಶದ ಪರವಾನಗಿ ಚೀಟಿಯನ್ನು ತೋರಿಸಿ ಮುಂದೆ ಸಾಗಿದರೆ ಪಾಸಿಘಾಟ್ ದೊರೆಯುತ್ತದೆ. 1911ರಲ್ಲಿ ಬ್ರಿಟಿಷರು ನೆಲೆಗೊಳಿಸಿದ ಊರು ಇದು. ಟಿಬೆಟಿನಲ್ಲಿ ತ್ಸಾಂಗ್‌ಪೊ ಎನಿಸಿಕೊಂಡ ಮಹಾನದಿ ಸಿಯಾಂಗ್ ಎಂಬ ಹೆಸರು ಹೊತ್ತು, ಬೆಟ್ಟಗಳನ್ನು ಸೀಳಿಕೊಂಡು, ಇಲ್ಲಿಯೇ ಬಯಲಿಗೆ ಇಳಿಯುತ್ತದೆ. ನದಿಯ ದಡದಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಕಣ್ಣು ಹಾಯುವವರೆಗೂ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಮಂಜು. ಇಷ್ಟೇ ಆಗಿದ್ದರೆ ರಮಣೀಯವಾದ ಒಂದು ನೋಟವೆಂದು ಮೆಚ್ಚಿ ಪ್ರಯಾಣಿಕನು ಮುಂದೆ ಹೋಗಬಹುದಾಗಿತ್ತು. ಆದರೆ ಆ ಬೆಟ್ಟಗಳ ಒಡಲಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನಗಳು ಮುರಿದು ಬಿದ್ದಿವೆ. ಅವುಗಳಲ್ಲಿದ್ದ ಎಷ್ಟೋ ತರುಣರಿಗೆ ಇಂದಿಗೂ ಸಂಸ್ಕಾರವಾಗಿಲ್ಲ.

ಡುಬ್ಬದ ಮೇಲಿನ ದಾರಿ

ವಿಮಾನಗಳು ಇಲ್ಲಿಗೆ ಬಂದುದೇಕೆ? 1942ರಲ್ಲಿ ಜಪಾನೀಯರು ಬರ್ಮಾ ದೇಶವನ್ನು ಆಕ್ರಮಿಸಿಕೊಂಡಾಗ, ಅಲ್ಲಿಂದ ಚೀನಕ್ಕೆ ಹೋಗುತ್ತಿದ್ದ ರಸ್ತೆ ಕಡಿದುಹೋಯಿತು. ಚೀನದ ಸೈನ್ಯಕ್ಕೂ ಅಲ್ಲಿದ್ದ ಅಮೆರಿಕದ ವಾಯುಪಡೆಗೂ ಪೆಟ್ರೋಲು, ಮದ್ದುಗುಂಡು, ಔಷಧ, ಮೋಟಾರಿನ ಬಿಡಿಭಾಗ ಎಲ್ಲವೂ ಹೊರಗಿನಿಂದಲೇ ಬರಬೇಕಾಗಿತ್ತು. ಉಳಿದದ್ದು ಆಕಾಶಮಾರ್ಗವೊಂದೇ. ಅಸ್ಸಾಮಿನ ಚಾಬುವಾ, ದಿನ್‌ಜಾನ್, ಮೋಹನ್‌ಬಾರಿ ಮೊದಲಾದ ಚಹದ ಸೀಮೆಯ ನೆಲೆಗಳಿಂದ ಹೊರಟು, ಹಿಮಾಲಯದ ಪೂರ್ವದ ಕವಲುಗಳನ್ನು ಹಾರಿ, ಸುಮಾರು 500 ಮೈಲಿ ದೂರದ ಕುನ್‌ಮಿಂಗ್ ನಗರವನ್ನು ಸೇರುವ ಮಾರ್ಗವದು. ದಾರಿಗೆ ಅಡ್ಡವಾಗಿ ಒಂಟೆಯ ಬೆನ್ನಿನಂತೆ ಎದ್ದುನಿಂತ ಪರ್ವತಗಳನ್ನು ಕಂಡ ವೈಮಾನಿಕರು ಅದಕ್ಕೆ ‘ಹಂಪ್’, ಎಂದರೆ ಡುಬ್ಬ, ಎಂದು ಹೆಸರಿಟ್ಟರು. ಕನ್ನಡಿಗರ ಕಿವಿಗೆ ಈ ಹೆಸರು ಹಂಪೆಯನ್ನು ನೆನಪಿಗೆ ತಂದರೆ ಆಶ್ಚರ್ಯವಿಲ್ಲ. ಅಲ್ಲಿಯಂತೆ ಇಲ್ಲಿಯೂ ಉಳಿದಿರುವುದು ಭಗ್ನಾವಶೇಷವೇ.

ಡುಬ್ಬವನ್ನು ದಾಟುವುದು ಸುಲಭದ ಮಾತಾಗಿರಲಿಲ್ಲ. 15 ಸಾವಿರ ಅಡಿಗೂ ಮಿಕ್ಕ ಶಿಖರಗಳು, ಗಂಟೆಗೆ ನೂರು ಮೈಲಿಯನ್ನು ಮೀರುವ ಗಾಳಿ, ರೆಕ್ಕೆಯ ಮೇಲೆ ಹೆಪ್ಪುಗಟ್ಟುವ ಹಿಮ, ಮುಂಗಾರಿನ ಕಾರ್ಮೋಡ. ನಂಬತಕ್ಕ ನಕ್ಷೆಗಳಿಲ್ಲ, ದಾರಿ ತೋರುವ ರೇಡಿಯೋ ನೆಲೆಗಳು ವಿರಳ. ಆದರೂ 1945ರ ನವೆಂಬರಿನಲ್ಲಿ ಈ ಸಾಗಣೆ ನಿಲ್ಲುವ ಹೊತ್ತಿಗೆ ಸುಮಾರು ಆರೂವರೆ ಲಕ್ಷ ಟನ್ ಸಾಮಗ್ರಿ ಚೀನವನ್ನು ಸೇರಿತ್ತು. ಇದಕ್ಕೆ ತೆತ್ತ ಬೆಲೆ ಸುಮಾರು 600 ವಿಮಾನಗಳು ಮತ್ತು ಸಾವಿರಕ್ಕೂ ಮೀರಿದ ಪ್ರಾಣಗಳು. ಬಿಸಿಲು ಬಿದ್ದ ದಿನ ಕೆಳಗಿನ ಇಳಿಜಾರುಗಳಲ್ಲಿ ಮುರಿದ ವಿಮಾನಗಳ ತಗಡು ಮಿನುಗುವುದನ್ನು ಕಂಡು, ಈ ಮಾರ್ಗವನ್ನು ವೈಮಾನಿಕರು ‘ಅಲ್ಯೂಮಿನಿಯಂ ದಾರಿ’ ಎಂದೂ ಕರೆಯುತ್ತಿದ್ದರಂತೆ.

ಈ ಕಥೆಯ ಒಂದು ಎಳೆ ಬೆಂಗಳೂರಿಗೂ ಬಂದು ಸೇರುತ್ತದೆ. ಮೈಸೂರು ಸರ್ಕಾರದ ಬೆಂಬಲದಿಂದ ವಾಲ್‌ಚಂದ್ ಹೀರಾಚಂದರು 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ವಾಯುಸೇನೆ ತನ್ನ ದುರಸ್ತಿಯ ಕೇಂದ್ರವನ್ನಾಗಿ ಮಾಡಿಕೊಂಡಿತು. ಪೂರ್ವರಂಗದಲ್ಲಿ ಹಾರಿ ಜಖಂಗೊಂಡ ವಿಮಾನಗಳು ಇಲ್ಲಿ ಸರಿಹೋಗಿ ಮರಳಿ ಹೋಗುತ್ತಿದ್ದವು. ನೀರಿನ ಮೇಲಿಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಯುದ್ಧ ಮುಗಿದ ಮೇಲೆ, ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ‘ಲಿಬರೇಟರ್’ ಬಾಂಬರುಗಳಲ್ಲಿ 40ಕ್ಕೂ ಹೆಚ್ಚನ್ನು ಹಾರಿಸಿ ತಂದು ಹೊಸದೆಂಬಂತೆ ಮಾಡಿ ಭಾರತದ ವಾಯುಪಡೆಗೆ ಕೊಟ್ಟವರೂ ಬೆಂಗಳೂರಿನ ಕೆಲಸಗಾರರೇ. ಅವು 1968ರವರೆಗೆ ಸೇವೆಯಲ್ಲಿದ್ದವು. ಲಂಡನ್ನಿನಿಂದ ಅರಿಜೋನದವರೆಗೆ ವಸ್ತುಸಂಗ್ರಹಾಲಯಗಳಿಗೆ ಸೇರಿದ ಲಿಬರೇಟರುಗಳಲ್ಲಿ ಬೆಂಗಳೂರಿನ ಕೈ ಸೋಕಿದವೂ ಇವೆ. ಅದೇ ಜಾತಿಯ ಇನ್ನೊಂದು ವಿಮಾನಕ್ಕೆ ಅಂಥ ಭಾಗ್ಯವಿರಲಿಲ್ಲ.

ಬೇಟೆಗಾರರಿಗೆ ತಿಳಿದಿದ್ದ ಗುಟ್ಟು

1944ರ ಜನವರಿ 25ರಂದು ಕುನ್‌ಮಿಂಗ್‌ನಿಂದ ಚಾಬುವಾದತ್ತ ಹೊರಟ ಲಿಬರೇಟರ್ ಒಂದು ದಾರಿಯಲ್ಲಿ ಕಾಣೆಯಾಯಿತು. ಬಾಂಬರು ವಿಮಾನವಾದರೂ ಅಂದು ಅದು ಹೊರಟದ್ದು ಸಾಮಗ್ರಿ ತರಲು; ಚೀನದಲ್ಲಿದ್ದ ಬಾಂಬರು ಪಡೆ ತನಗೆ ಬೇಕಾದ ಪೆಟ್ರೋಲು ಬಾಂಬುಗಳನ್ನು ತಾನೇ ಡುಬ್ಬ ದಾಟಿ ಹೊತ್ತುಕೊಳ್ಳಬೇಕಾಗಿತ್ತು. ಒಳಗಿದ್ದ ತರುಣರು ಎಂಟು ಮಂದಿ. ವಿಮಾನಕ್ಕೆ ಅವರು ಪ್ರೀತಿಯಿಂದಲೋ ಪರಿಹಾಸದಿಂದಲೋ ಇಟ್ಟಿದ್ದ ಹೆಸರು ‘ಹಾಟ್ ಆ್ಯಸ್ ಹೆಲ್’, ಎಂದರೆ ನರಕದಷ್ಟು ಬಿಸಿ. ಎಂಟು ಮನೆಗಳಿಗೆ ತಂತಿ ಹೋಯಿತು: ನಿಮ್ಮ ಮಗ ಕಾಣೆಯಾಗಿದ್ದಾನೆ. ಸತ್ತನೆಂಬ ಸುದ್ದಿ ಒಂದು ದಿನ ಅಳಿಸುತ್ತದೆ. ಕಾಣೆಯಾದನೆಂಬ ಸುದ್ದಿ ಬಾಗಿಲ ಸದ್ದಾದಾಗಲೆಲ್ಲ ಅಳಿಸುತ್ತದೆ. ಹಾಗೆ ಬಾಗಿಲ ಕಡೆ ನೋಡುತ್ತಲೇ ಎಷ್ಟೋ ತಾಯಂದಿರು ಕಣ್ಮುಚ್ಚಿದರು.

ಅರವತ್ತೆರಡು ವರ್ಷ ಹೀಗೆಯೇ ಉರುಳಿದವು. 2006ರ ಡಿಸೆಂಬರಿನಲ್ಲಿ ಅರಿಜೋನದ ಕ್ಲೇಟನ್ ಕೂಲ್ಸ್ ಎಂಬ ಪರ್ವತಾರೋಹಿ ಸಿಯಾಂಗ್ ಸೀಮೆಯ ದಮ್ರೋ ಗ್ರಾಮದ ಮೇಲಿನ ಬೆಟ್ಟದಲ್ಲಿ ಈ ವಿಮಾನದ ಅವಶೇಷಗಳನ್ನು ಕಂಡುಹಿಡಿದನು. ಈ ಪ್ರಾಂತದಲ್ಲಿ ಮತ್ತು ನೆರೆಯ ದೇಶಗಳಲ್ಲಿ ಇಂಥ ಇಪ್ಪತ್ತಕ್ಕೂ ಮಿಕ್ಕ ಸ್ಥಳಗಳನ್ನು ಗುರುತಿಸಿದ ವ್ಯಕ್ತಿ ಆತ. ಆದರೆ ‘ಕಂಡುಹಿಡಿದನು’ ಎಂಬ ಮಾತನ್ನು ಸ್ವಲ್ಪ ತಡೆದು ಆಡಬೇಕು. ಹೊರಗಿನ ಲೋಕಕ್ಕೆ ಕಾಣೆಯಾಗಿದ್ದ ವಿಮಾನಗಳು ಬೆಟ್ಟದ ಜನಕ್ಕೆ ಎಂದೂ ಕಾಣೆಯಾಗಿರಲಿಲ್ಲ. ಕಾಡುಮೃಗದ ಜಾಡು ಹಿಡಿದು ದಿನಗಟ್ಟಲೆ ಅಲೆಯುವ ಆದಿ ಬೇಟೆಗಾರನಿಗೆ ಯಾವ ಕಣಿವೆಯಲ್ಲಿ ದೊಡ್ಡ ತಗಡು ಬಿದ್ದಿದೆ ಎಂಬುದು ತಂದೆಯಿಂದ ಬಂದ ತಿಳಿವಳಿಕೆ. ಆ ತಗಡಿನಲ್ಲಿ ಒಂದು ತುಂಡು ಹಳ್ಳಿಯ ಮನೆಯೊಂದರಲ್ಲಿ ಪಾತ್ರೆಯಾಗಿ ಬಾಳಿರುವುದೂ ಉಂಟು. ಕೇಳುವವರು ಬಂದಿರಲಿಲ್ಲ, ಅವರು ಹೇಳಿರಲಿಲ್ಲ.

ಆದುದರಿಂದ ಇಲ್ಲಿ ಶೋಧ ಆರಂಭವಾಗುವುದು ಬೆಟ್ಟದಲ್ಲಿ ಅಲ್ಲ, ಬೆಂಕಿಯ ಸುತ್ತ. ಬಿದಿರಿನ ನೆಲದ ಮೇಲೆ ಎತ್ತರಿಸಿ ಕಟ್ಟಿದ ಮನೆ, ನಡುವೆ ಒಲೆ, ಮೇಲಿನ ಅಟ್ಟಣಿಗೆಯಲ್ಲಿ ಹೊಗೆಗೆ ಒಣಗುವ ಮಾಂಸ. ಅತಿಥಿಗೆ ಮೊದಲು ಅಕ್ಕಿಯ ಮದ್ಯ ‘ಅಪಾಂಗ್’ ಬರುತ್ತದೆ, ಮಾತು ಅನಂತರ. ಕೆಂಪು ಕೋಟು ತೊಟ್ಟ ‘ಗಾಂವ್‌ಬುಢಾ’, ಎಂದರೆ ಊರ ಹಿರಿಯ, ಒಪ್ಪದೆ ಯಾರೂ ಬೆಟ್ಟ ಹತ್ತುವಂತಿಲ್ಲ. ಊರಿನ ದೊಡ್ಡ ವಿಷಯಗಳು ‘ಕೆಬಾಂಗ್’ ಎಂಬ ಸಭೆಯಲ್ಲಿ ತೀರ್ಮಾನವಾಗಬೇಕು. ಬೆಟ್ಟ ಯಾರ ಬೇಟೆಯ ನೆಲ, ಹೊರೆ ಯಾರು ಹೊರಬೇಕು, ಕೂಲಿ ಎಷ್ಟು ಎಂಬುದೆಲ್ಲ ಇತ್ಯರ್ಥವಾದ ಮೇಲೆ ನಡಿಗೆ. ತೂಗುಸೇತುವೆಯ ಕೆಳಗೆ ನೀರು ಹಸಿರು ಗಾಜಿನಂತೆ ಓಡುತ್ತಿರುತ್ತದೆ. ಆಚೆಯ ದಡದಲ್ಲಿ ಕಾಲುದಾರಿ ಮುಗಿದು, ‘ದಾವ್’ ಎಂಬ ಮಚ್ಚುಗತ್ತಿ ಕಡಿದಷ್ಟೇ ದಾರಿ. ಜಿಗಣೆಗಳು, ಕಚ್ಚಿದಲ್ಲಿ ರಕ್ತದ ಚುಕ್ಕೆ ಉಳಿಸುವ ಪುಟ್ಟ ನೊಣಗಳು, ಹಿಡಿದರೆ ಕೈಗೇ ಬರುವ ಹಾವಸೆಗಟ್ಟಿದ ಬಂಡೆಗಳು. ಮಲೆನಾಡಿನ ಮಳೆಯನ್ನು ಬಲ್ಲವನಿಗೂ ಇದು ಹೊಸ ಪಾಠ.

ಯಂತ್ರ ಕೇಳುವುದೇನನ್ನು?

ಸ್ಥಳ ಸಿಕ್ಕಿದ ಮೇಲೆ ಲೋಹಶೋಧಕ ಯಂತ್ರದ ಸರದಿ. ಉದ್ದನೆಯ ಕೋಲು, ತುದಿಯಲ್ಲಿ ತಟ್ಟೆಯಂಥ ಸುರುಳಿ, ಕಿವಿಗೆ ಕೇಳುಗೊಳವೆ: ನೋಡುವುದಕ್ಕೆ ಇಷ್ಟೇ. ಸುರುಳಿಯಲ್ಲಿ ದಿಕ್ಕು ಬದಲಾಯಿಸುತ್ತಲೇ ಹರಿಯುವ ವಿದ್ಯುತ್ತು ತನ್ನ ಸುತ್ತ ಕಾಂತಕ್ಷೇತ್ರವೊಂದನ್ನು ಹಬ್ಬಿಸುತ್ತದೆ. ನೆಲದೊಳಗೆ ಲೋಹದ ತುಂಡಿದ್ದರೆ ಅದರಲ್ಲಿ ಸಣ್ಣ ಸುಳಿಯಂಥ ಪ್ರವಾಹವೆದ್ದು, ಅದೂ ತನ್ನದೇ ಕ್ಷೇತ್ರದಿಂದ ಉತ್ತರ ಕೊಡುತ್ತದೆ. ಆ ಉತ್ತರವೇ ಕಿವಿಯಲ್ಲಿ ಕೇಳುವ ಕುಂಯ್ ಎಂಬ ದನಿ. ನಾಣ್ಯದಷ್ಟು ಚಿಕ್ಕ ವಸ್ತುವಾದರೆ ಗೇಣುದ್ದದ ಆಳ. ಎಂಜಿನಿನಷ್ಟು ದೊಡ್ಡದಾದರೆ ಇನ್ನೂ ಕೆಳಗಿನಿಂದಲೂ ದನಿ ಬಂದೀತು.

ಈ ತತ್ತ್ವ ಹೊಸದಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ಮೈಯಲ್ಲಿ ಹೊಕ್ಕಿದ್ದ ಗುಂಡನ್ನು ಹುಡುಕಲು, ಟೆಲಿಫೋನಿನ ಜನಕನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೇ ಯಂತ್ರವನ್ನು ರಚಿಸಿದ್ದನು. ಆದರೆ ವೈದ್ಯರು ಅವನಿಗೆ ರೋಗಿಯ ಬಲಮಗ್ಗುಲನ್ನಷ್ಟೇ ತೋರಿಸಿದರು. ಗುಂಡು ಇದ್ದದ್ದು ಎಡಕ್ಕೆ. ಸಾಲದುದಕ್ಕೆ ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳೂ ಯಂತ್ರವನ್ನು ಗೊಂದಲಕ್ಕೀಡುಮಾಡಿದವೆಂದು ಹೇಳುತ್ತಾರೆ. ಅಧ್ಯಕ್ಷರು ಉಳಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಕೊಸಾತ್ಸ್ಕಿ ಎಂಬ ಅಧಿಕಾರಿ ನೆಲಬಾಂಬುಗಳನ್ನು ಹುಡುಕುವ ಶೋಧಕವನ್ನು ರೂಪಿಸಿದನು. 1942ರ ಎಲ್ ಅಲಮೇನ್ ಕದನದಲ್ಲಿ ಅದು ಸಾವಿರಾರು ಸೈನಿಕರ ಹೆಜ್ಜೆಗೆ ದಾರಿ ಮಾಡಿಕೊಟ್ಟಿತು. ಯಂತ್ರ ಎಷ್ಟೇ ಸುಧಾರಿಸಲಿ, ಬೆಲ್ಲನ ಅನುಭವದ ಪಾಠ ಮಾತ್ರ ಉಳಿದಿದೆ: ಎಲ್ಲಿ ಹಿಡಿಯಬೇಕೆಂದು ಮನುಷ್ಯ ತಿಳಿದಿರಬೇಕು, ಕೇಳಿದ ದನಿಯನ್ನು ಅರ್ಥಮಾಡಿಕೊಳ್ಳಬೇಕಾದವನೂ ಮನುಷ್ಯನೇ.

ವಿಮಾನ ಬಿದ್ದ ಬೆಟ್ಟದಲ್ಲಿ ಈ ಪಾಠ ಪ್ರತಿ ಗಳಿಗೆಯೂ ನೆನಪಾಗುತ್ತದೆ. ಅಪ್ಪಳಿಸಿದ ವಿಮಾನ ಸಾವಿರಾರು ಚೂರಾಗುತ್ತದೆ. ಅರ್ಧ ಶತಮಾನಕ್ಕೂ ಮೀರಿದ ಮಳೆಗೆ ಮಣ್ಣು ಜರಿದು, ಚೂರುಗಳು ಇಳಿಜಾರಿನುದ್ದಕ್ಕೂ ಹರಡಿ ಹೋಗಿರುತ್ತವೆ. ಭಾರವಾದ ಎಂಜಿನು ಉರುಳಿ ಕೆಳಗಿನ ತೊರೆಯನ್ನೇ ಸೇರಿರಬಹುದು. ಇಲ್ಲಿ ಯಂತ್ರವನ್ನು ಬೀಸಿದರೆ ಹೆಜ್ಜೆಗೊಂದು ಕೂಗು. ಗುಬುಟು ಮೊಳೆಗೂ ಅದೇ ಕೂಗು, ಹರಿದ ತಗಡಿಗೂ ಅದೇ. ಕೆಲವೊಮ್ಮೆ ಸಿಡಿಯದೆ ಉಳಿದ ಮದ್ದುಗುಂಡಿನಿಂದಲೂ ದನಿ ಬರುವುದರಿಂದ, ಗುದ್ದಲಿ ಹಾಕುವ ಮುನ್ನ ಬಲ್ಲವರ ಅನುಮತಿ ಬೇಕು. ಮನುಷ್ಯನ ಎಲುಬಿಗಂತೂ ಯಂತ್ರ ಕಿವುಡು. ಎಲುಬು ಲೋಹವಲ್ಲ. ಹಾಗಾದರೆ ಉಪಯೋಗವೇನು? ಮನುಷ್ಯನ ಮೈಮೇಲೆ ಅವನ ಗುಂಡಿ ಇರುತ್ತದೆ, ಬೆಲ್ಟಿನ ಕೊಂಡಿ ಇರುತ್ತದೆ, ಪ್ಯಾರಾಚೂಟಿನ ಕೊಕ್ಕೆ ಇರುತ್ತದೆ, ಕೊರಳಲ್ಲಿ ಹೆಸರು ಕೊರೆದ ಬಿಲ್ಲೆ ಇರುತ್ತದೆ. ಒಮ್ಮೊಮ್ಮೆ ಬೆರಳಿನಲ್ಲಿ ಉಂಗುರ. ಯಂತ್ರ ಅವುಗಳನ್ನು ತೋರಿಸುತ್ತದೆ. ಅವುಗಳ ಬಳಿಯಲ್ಲಿ ಮನುಷ್ಯನನ್ನು ಹುಡುಕಬೇಕು.

ಹುಡುಕುವ ಕ್ರಮವೋ, ಚಿನ್ನದ ಕೆಲಸದವರ ತಾಳ್ಮೆಯನ್ನು ಬೇಡುವಂಥದು. ಯಂತ್ರ ಕೂಗಿದಲ್ಲೆಲ್ಲ ಪುಟ್ಟ ಬಾವುಟ ನೆಡುತ್ತಾರೆ. ಬಾವುಟಗಳು ದಟ್ಟವಾದ ಕಡೆ ದಾರ ಕಟ್ಟಿ ಚದುರಂಗದ ಹಾಸಿನಂತೆ ಮನೆ ಮಾಡುತ್ತಾರೆ. ಒಂದೊಂದು ಮನೆಯ ಮಣ್ಣನ್ನೂ ತೆಳುವಾಗಿ ಕೆರೆದು ಬುಟ್ಟಿಗೆ ತುಂಬಿ, ಕಾಲಿಂಚಿನ ಕಣ್ಣಿನ ಜರಡಿಯಲ್ಲಿ ಹಾಕಿ, ತೊರೆಯ ನೀರಿನಿಂದ ತೊಳೆಯುತ್ತಾರೆ. ಯಾವ ವಸ್ತು ಯಾವ ಮನೆಯಲ್ಲಿ ಸಿಕ್ಕಿತೆಂಬುದನ್ನು ಬರೆದಿಡುವುದು ವಸ್ತುವಿನಷ್ಟೇ ಮುಖ್ಯ. ನೆನಪಿಗೊಂದು ಇರಲಿ ಎಂದು ಯಾರೋ ಎತ್ತಿಕೊಂಡುಹೋದ ಒಂದು ಕೊಂಡಿ ಒಬ್ಬನ ಗುರುತನ್ನೇ ಅಳಿಸಿಬಿಟ್ಟೀತು. ಲೋಹಶೋಧಕವನ್ನು ಕೈಯಲ್ಲಿ ಹಿಡಿದ ಉತ್ಸಾಹಿ ತಾನು ಸ್ಮಶಾನದಲ್ಲಿ ನಿಂತಿದ್ದೇನೆಂಬುದನ್ನು ಮರೆಯಬಾರದು.

ಇನ್ನು ವಿಮಾನದ ಗುರುತು. ಅಮೆರಿಕದ ಯುದ್ಧ ವಿಮಾನಗಳ ಬಾಲದ ಮೇಲೆ ಸಂಖ್ಯೆಯೊಂದನ್ನು ಬರೆಯುತ್ತಿದ್ದರು. ಅದರ ಮೊದಲ ಅಂಕಿ ವಿಮಾನಕ್ಕೆ ಬೇಡಿಕೆಯಿತ್ತ ವರ್ಷವನ್ನು ಸೂಚಿಸುತ್ತಿತ್ತು. ಬಾಲವೇ ಇಲ್ಲದಿದ್ದರೆ ಎಂಜಿನು, ಮೆಷಿನ್ ಗನ್ನುಗಳ ಮೇಲೆ ಕೊರೆದ ಸಂಖ್ಯೆಗಳುಂಟು. ವಿಮಾನವೊಂದು ಕಾಣೆಯಾದಾಗ ಬರೆದಿಡುತ್ತಿದ್ದ ವರದಿಯಲ್ಲಿ ಈ ಸಂಖ್ಯೆಗಳೂ ಒಳಗಿದ್ದವರ ಹೆಸರುಗಳೂ ಇರುತ್ತಿದ್ದವು. ಕೆಸರಿನಿಂದ ಎತ್ತಿದ ಒಂದು ಸಂಖ್ಯೆ ಕಡತದ ಸಂಖ್ಯೆಗೆ ತಾಳೆಯಾದ ಕ್ಷಣದಲ್ಲಿ ತಗಡಿನ ರಾಶಿಗೆ ಹೆಸರು ಬರುತ್ತದೆ.

ಊರಿಗೆ ಮರಳಿದವನು

ದಮ್ರೋದ ವಿಮಾನಕ್ಕೆ ಹೀಗೆ ಹೆಸರು ಬಂತು. ಆದರೆ ಒಳಗಿದ್ದವರು ಮರಳಲು ಮತ್ತೆ ವರ್ಷಗಳು ಹಿಡಿದವು. ಗಡಿಯ ಪ್ರದೇಶವಾದ್ದರಿಂದ ಎರಡು ಸರ್ಕಾರಗಳ ನಡುವೆ ಪತ್ರವ್ಯವಹಾರ, ಕುಸಿಯುವ ನೆಲ, ಮಳೆ ಬಿಟ್ಟ ಕೆಲವೇ ತಿಂಗಳುಗಳ ಅವಕಾಶ. 2015ರ ಮಳೆಗಾಲ ಕಳೆಯುತ್ತಿರುವಂತೆ ಅಮೆರಿಕದ ತಂಡ ಉತ್ಖನನ ನಡೆಸಿತು. ದೊರೆತ ಅಸ್ಥಿಗಳನ್ನು 2016ರ ಏಪ್ರಿಲಿನಲ್ಲಿ ದೆಹಲಿಯಿಂದ ಗೌರವಪೂರ್ವಕವಾಗಿ ಬೀಳ್ಕೊಡಲಾಯಿತು. ಅನಂತರದ ಕೆಲಸ ಪ್ರಯೋಗಶಾಲೆಯದು. ತಾಯಿಯ ಕಡೆಯಿಂದ ಮಕ್ಕಳಿಗೆ ಬದಲಾಗದೆ ಇಳಿದುಬರುವ ಒಂದು ಬಗೆಯ ಡಿ.ಎನ್.ಎ. ಉಂಟು; ಸತ್ತವನ ಎಲುಬಿನಲ್ಲಿರುವುದನ್ನು ಅವನ ತಾಯಿಯ ವಂಶದಲ್ಲಿ ಬದುಕಿರುವವರ ರಕ್ತದೊಡನೆ ಹೋಲಿಸಿ ನೋಡಬಹುದು. ತಂದೆತಾಯಿಗಳು ಹೋದ ಮೇಲೂ ತಾಯಿಯ ಋಣ ಸಾಕ್ಷಿ ಹೇಳಲು ಉಳಿದಿರುತ್ತದೆ.

ಆ ಎಂಟು ಮಂದಿಯಲ್ಲಿ ಲೆಫ್ಟಿನೆಂಟ್ ರಾಬರ್ಟ್ ಆಕ್ಸ್‌ಫರ್ಡ್ ಎಂಬುವನ ಗುರುತು ಸಿದ್ಧವಾಯಿತು. 2017ರ ಜೂನಿನಲ್ಲಿ ಜಾರ್ಜಿಯಾ ಸಂಸ್ಥಾನದ ಕಾನ್‌ಕರ್ಡ್ ಎಂಬ ತನ್ನ ಪುಟ್ಟ ಊರಿನಲ್ಲಿ, ಎಪ್ಪತ್ತಮೂರು ವರ್ಷಗಳ ತರುವಾಯ, ಆತ ಮಣ್ಣಾದನು. 2021ರಲ್ಲಿ ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯವೂ ಈ ಕಾರ್ಯದಲ್ಲಿ ನೆರವಾಗಲು ಅಮೆರಿಕದ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು.

ಲೆಕ್ಕಕ್ಕೆ ಸೇರಬೇಕಾದ ಮೂವರು

ಈ ಕಥೆ ಇಲ್ಲಿಗೇ ಮುಗಿದಿದ್ದರೆ ಮನಸ್ಸಿಗೆ ನೆಮ್ಮದಿ. ಆದರೆ ಇನ್ನೊಂದು ಶೋಧವನ್ನು ಹೇಳದೆ ಬಿಡುವಂತಿಲ್ಲ. 1945ರ ಜನವರಿಯ ಮೊದಲ ವಾರದಲ್ಲಿ, 13 ಮಂದಿಯನ್ನು ಹೊತ್ತು ಕುನ್‌ಮಿಂಗ್‌ನಿಂದ ಹೊರಟ ಸಿ-46 ಸಾಗಣೆಯ ವಿಮಾನವೊಂದು ಬಿರುಗಾಳಿಯಲ್ಲಿ ಕಾಣೆಯಾಯಿತು. ಅದರಲ್ಲಿದ್ದ ಒಬ್ಬನಿಗೆ ಮನೆಯಲ್ಲಿ 13 ತಿಂಗಳ ಗಂಡುಕೂಸು. ತಂದೆಯ ಮುಖ ಕಾಣದೆ ಬೆಳೆದ ಆ ಕೂಸು ಮುದುಕನಾದ ಮೇಲೆ, ತಂದೆ ಎಲ್ಲಿ ಬಿದ್ದನೆಂಬುದನ್ನಾದರೂ ತಿಳಿಯಬೇಕೆಂದು ಕೂಲ್ಸ್‌ನನ್ನು ಕೇಳಿಕೊಂಡಿತು. ಆತ ಲಿಸು ಜನಾಂಗದ ಮಾರ್ಗದರ್ಶಕರೊಡನೆ ಬೆಟ್ಟ ಹತ್ತಿದನು. ಎದೆಯುದ್ದದ ನೀರನ್ನು ಹಾಯ್ದರು. ಹೆಪ್ಪುಗಟ್ಟುವ ಚಳಿಯಲ್ಲಿ ಬೀಡುಬಿಟ್ಟರು. ಶೋಧದ ಮೊದಲ ಹಂತದಲ್ಲಿಯೇ, ಸೆಪ್ಟೆಂಬರ್ ತಿಂಗಳಿನಲ್ಲಿ ಅಕಾಲದ ಹಿಮಪಾತವಾಗಿ, ಮಾರ್ಗದರ್ಶಕರಲ್ಲಿ ಮೂವರು ಚಳಿಗೆ ಸೆಡೆತು ಪ್ರಾಣಬಿಟ್ಟರು.

ವಿಮಾನ ಕೊನೆಗೂ 2021ರ ಡಿಸೆಂಬರಿನಲ್ಲಿ ಹಿಮ ಹೊದ್ದ ಶಿಖರವೊಂದರ ಮೇಲೆ ಸಿಕ್ಕಿತು. ಬಾಲದ ಸಂಖ್ಯೆ ಸ್ಪಷ್ಟವಾಗಿತ್ತು. ಮನುಷ್ಯರ ಅವಶೇಷ ಏನೂ ಇರಲಿಲ್ಲ. ತಂದೆ ಇರುವ ಜಾಗ ತಿಳಿಯಿತಲ್ಲ ಎಂಬುದೇ ಮಗನಿಗೆ ಸಮಾಧಾನ. ಆ ಸಮಾಧಾನ ಚಿಕ್ಕದೆಂದು ಯಾರು ಹೇಳಬಲ್ಲರು? ಆದರೆ ಲಿಸು ಹಳ್ಳಿಯಲ್ಲಿಯೂ ಮೂರು ಮನೆಗಳಿವೆ. ಅಲ್ಲಿಯೂ ಬೆಟ್ಟಕ್ಕೆ ಹೋದವರು ಮರಳಲಿಲ್ಲ. ಎಪ್ಪತ್ತಾರು ವರ್ಷಗಳ ಹಿಂದಿನ ಹದಿಮೂರು ಹೆಸರುಗಳನ್ನು ಓದುವಾಗ ಈ ಮೂವರನ್ನೂ ಸೇರಿಸಿ ಹದಿನಾರೆಂದು ಎಣಿಸುವುದೇ ನ್ಯಾಯ.

ಬೆಟ್ಟದ ಜನದ ಈ ಋಣ ಇಂದು ನಿನ್ನೆಯದಲ್ಲ. 1943ರ ಆಗಸ್ಟಿನಲ್ಲಿ ಎರಿಕ್ ಸೆವರೈಡ್ ಎಂಬ ಪ್ರಖ್ಯಾತ ಪತ್ರಕರ್ತನೂ ಸಂಗಡಿಗರೂ ಕೆಟ್ಟ ವಿಮಾನದಿಂದ ನಾಗಾ ಬೆಟ್ಟಗಳ ಮೇಲೆ ಪ್ಯಾರಾಚೂಟು ಕಟ್ಟಿ ಹಾರಿದಾಗ, ಅವರಿಗೆ ಅನ್ನ ನೆರಳು ಕೊಟ್ಟವರು ಆ ಕಾಡಿನ ನಾಗಾ ಹಳ್ಳಿಗರೇ. ಡುಬ್ಬದ ಮಾರ್ಗದಲ್ಲಿ ಬಿದ್ದು, ಬದುಕಿ ಬಂದವರು ಸುಮಾರು 1,200 ಮಂದಿ. ಅವರಲ್ಲಿ ಬಹುಮಂದಿಗೆ ದಾರಿ ತೋರಿದವರು ಇಂಥ ಹಳ್ಳಿಗರು.

ಉಪಗ್ರಹಗಳ ಈ ಯುಗದಲ್ಲಿ ಹುಡುಕುವುದು ಸುಲಭವಾಗಿರಬೇಕೆಂದು ನಗರದಲ್ಲಿ ಕುಳಿತವರು ಎಣಿಸುವುದು ಸಹಜ. 2019ರ ಜೂನ್ 3ರಂದು ಜೋರ್ಹಾಟದಿಂದ ಮೆಚುಕಾಕ್ಕೆ ಹೊರಟ ಭಾರತೀಯ ವಾಯುಪಡೆಯ ಎ.ಎನ್.-32 ವಿಮಾನ ಇದೇ ಸೀಮೆಯಲ್ಲಿ ಕಣ್ಮರೆಯಾಯಿತು. ಉಪಗ್ರಹ, ಹೆಲಿಕಾಪ್ಟರು, ಸೈನಿಕರು ಎಲ್ಲರೂ ಹುಡುಕಿದರೂ ಅವಶೇಷ ಕಣ್ಣಿಗೆ ಬಿದ್ದದ್ದು ಎಂಟನೆಯ ದಿನ. ಹದಿಮೂರು ಮಂದಿಯಲ್ಲಿ ಯಾರೂ ಉಳಿದಿರಲಿಲ್ಲ. ಬೆಟ್ಟ ತನ್ನ ಗುಣವನ್ನು ಬಿಟ್ಟಿಲ್ಲ.

ಪಾಸಿಘಾಟಿನಲ್ಲಿ 2023ರ ನವೆಂಬರ್ 29ರಂದು ‘ಹಂಪ್’ ಮಾರ್ಗದ ನೆನಪಿಗಾಗಿಯೇ ವಸ್ತುಸಂಗ್ರಹಾಲಯವೊಂದು ತೆರೆಯಿತು. ಬೆಟ್ಟಗಳಿಂದ ತಂದ ವಿಮಾನಗಳ ಅವಶೇಷಗಳನ್ನು ಅಲ್ಲಿ ಕಾಣಬಹುದು. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಈಶಾನ್ಯದ ಕಡೆ ಪ್ರವಾಸ ಹೋಗುವವರು ಒಂದು ಹೊತ್ತನ್ನು ಇದಕ್ಕಾಗಿ ಮೀಸಲಿಡಬಹುದು. ಒಳಗೆ ಕಂಡ ತಗಡಿನ ತುಂಡು ಒಬ್ಬ ತರುಣನಿಗೆ ಕೊನೆಯ ಗೂಡಾಗಿತ್ತು. ಮತ್ತೊಬ್ಬನ ಹೆಗಲು ಅದನ್ನು ಬೆಟ್ಟದಿಂದ ಕೆಳಗೆ ಹೊತ್ತು ತಂದಿತು. ಹೊರಗೆ ಬಂದಾಗ ಸಿಯಾಂಗ್ ಎಂದಿನಂತೆ ಹರಿಯುತ್ತಿರುತ್ತದೆ. ಉತ್ತರದಲ್ಲಿ ಮಂಜು ಸರಿದರೆ ಬೆಟ್ಟದ ಹಿಂದೆ ಬೆಟ್ಟ ಕಾಣಿಸುತ್ತದೆ. ಅಲ್ಲಿನ ಯಾವುದೋ ಇಳಿಜಾರಿನಲ್ಲಿ, ಯಾವುದೋ ಬೇಟೆಗಾರನಿಗೆ ಗೊತ್ತಿರುವ ಜಾಗದಲ್ಲಿ, ಇನ್ನೊಂದು ಸಂಖ್ಯೆ ಓದುವವರಿಗಾಗಿ ಕಾದಿದೆ.